ಜಾಲಪುಟಗಳ ಬಿರುದಾವಳಿ

ಹಾಸನ ಸೀಮೆಯ ಹೊಯ್ಸಳ ಶಾಸನಗಳನ್ನು ಓದಹೊರಟವರಿಗೆ, ದತ್ತಿಯ ವಿಷಯ ಪ್ರಸ್ತಾಪಕ್ಕೆ ಬರುವ ಮುನ್ನ ಬಿರುದುಗಳ ಒಂದು ದೀರ್ಘ ಪಂಕ್ತಿ ಎದುರಾಗುವುದು ಸಾಮಾನ್ಯ. ವಿಷ್ಣುವರ್ಧನನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಕಿತ್ತುಕೊಂಡು ‘ತಲಕಾಡುಗೊಂಡ’ನೆನಿಸಿದನು, ಆ ಬಿರುದಿಗೆ ಅವನು ಸರ್ವಥಾ ಅರ್ಹನಾಗಿದ್ದನು. ಆದರೆ ಆ ಕದನ ಮುಗಿದು ದಶಕಗಳು ಸಂದಮೇಲೆ ಪಟ್ಟಕ್ಕೆ ಬಂದ ಮಗ ನರಸಿಂಹನೂ ಮೊಮ್ಮಗ ವೀರಬಲ್ಲಾಳನೂ ಅದೇ ಬಿರುದನ್ನು ಪಿತ್ರಾರ್ಜಿತದಂತೆ ಧರಿಸಿದರು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮುಂತಾದ ತಾಲ್ಲೂಕುಗಳ ಶಾಸನಗಳು ತಾಲ್ಲೂಕುವಾರು ಸಂಖ್ಯೆಯೊಡನೆ ಅಚ್ಚಾಗಿವೆ. ಅವನ್ನು ಬಳಸುವ ವಿದ್ವಾಂಸರು ಈ ಪ್ರಶಸ್ತಿಭಾಗವನ್ನು ಎಚ್ಚರಿಕೆಯಿಂದ ದಾಟಿ, ಗದ್ದೆಯ ಎಲ್ಲೆ, ದಾನದ ತಿಥಿ, ಸಾಕ್ಷಿಗಳ ಹೆಸರು, ಕಂಡರಿಸಿದ ಕಲ್ಕುಟಿಗನ ಅಂಕಿತ, ಇವುಗಳಿಗೆ ಹೆಚ್ಚಿನ ಬೆಲೆ ಕೊಡುವುದುಂಟು. ತನ್ನನ್ನು ಕುರಿತು ತಾನೇ ನುಡಿಯುವ ಮಾತಿಗೂ ಇತರರು ಪರೀಕ್ಷಿಸಬಹುದಾದ ಮಾತಿಗೂ ಇರುವ ಈ ತಾರತಮ್ಯವನ್ನು ಕಂಪ್ಯೂಟರ್ ಯುಗದ ಶೋಧಯಂತ್ರಗಳು ಸುಮಾರು ಆರೇಳು ವರ್ಷಗಳ ಕಹಿ ಅನುಭವದ ತರುವಾಯ ಅರಿತುಕೊಂಡವು. ಆ ಅನುಭವದ ಕಥೆಯೇ ಮೆಟಾ ಟ್ಯಾಗ್‌ಗಳ ಕಥೆ. ಕನ್ನಡದ ಪುಟಗಳ ಮಟ್ಟಿಗೆ ಈ ಕಥೆ ಆಂಗ್ಲ ಪುಟಗಳ ಕಥೆಗಿಂತ ಬೇರೆಯ ಹಾದಿ ಹಿಡಿಯಿತು.

ಜಾಲಪುಟವೊಂದಕ್ಕೆ ಓದುಗನು ಕಾಣುವ ಒಡಲಲ್ಲದೆ, ಅವನ ಕಣ್ಣಿಗೆ ಬೀಳದ ಒಂದು ಶಿರೋಭಾಗವೂ ಇರುತ್ತದೆ. 1995ರ ನವೆಂಬರಿನಲ್ಲಿ ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ ಅವರ ಹೆಸರಿನಲ್ಲಿ ಎಚ್‌ಟಿಎಮ್‌ಎಲ್ ಭಾಷೆಯ ಎರಡನೆಯ ಆವೃತ್ತಿಯ ಲಕ್ಷಣಗ್ರಂಥ ಪ್ರಕಟವಾದಾಗ, ಆ ಶಿರೋಭಾಗದಲ್ಲಿ ಪುಟವನ್ನು ಕುರಿತ ವಿವರಗಳನ್ನು ಬರೆದಿಡಲು ‘ಮೆಟಾ’ ಎಂಬ ಅಂಗಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಪುಟದ ಕರ್ತೃ ಯಾರು, ಅದರ ಸಾರಾಂಶವೇನು, ಯಾವ ಪದಗಳನ್ನು ಹುಡುಕುವವನಿಗೆ ಅದು ಉಪಯುಕ್ತ ಎಂಬುದನ್ನೆಲ್ಲ ಅಲ್ಲಿ ನಮೂದಿಸಬಹುದಾಗಿತ್ತು; ಈ ಕೊನೆಯ ಪದಪಟ್ಟಿಗೇ ‘ಕೀವರ್ಡ್ಸ್’ ಟ್ಯಾಗ್ ಎಂಬ ಹೆಸರು ನಿಂತಿತು. ಗ್ರಂಥಪಾಲಕನು ಪುಸ್ತಕಕ್ಕೆ ವಿಷಯಸೂಚಿಯ ಕಾರ್ಡು ಬರೆಯುವಂತೆ ಪುಟದ ಕರ್ತೃವೇ ತನ್ನ ಪುಟಕ್ಕೆ ಕಾರ್ಡು ಬರೆದುಕೊಡಲಿ ಎಂಬ ಸದಾಶಯವೇ ಇದರ ಮೂಲ. ಕಾರ್ಡು ಬರೆಯುವವನಿಗೆ ಪುಸ್ತಕ ಮಾರುವ ಆತುರವೂ ಇದ್ದರೆ ಏನಾಗಬಹುದೆಂಬ ಪ್ರಶ್ನೆ ಆಗ ಯಾರನ್ನೂ ಅಷ್ಟಾಗಿ ಬಾಧಿಸಿದಂತೆ ತೋರುವುದಿಲ್ಲ.

ಅದೇ 1995ರ ಡಿಸೆಂಬರ್ 15ರಂದು ಡಿಜಿಟಲ್ ಸಂಸ್ಥೆಯ ಆಲ್ಟಾವಿಸ್ಟಾ ಸಾರ್ವಜನಿಕರಿಗೆ ತೆರೆಯಿತು. 1996ರ ಆರಂಭದಲ್ಲಿ ಅದೂ ಇನ್ಫೋಸೀಕ್ ಎಂಬ ಮತ್ತೊಂದು ಶೋಧಯಂತ್ರವೂ ಕೀವರ್ಡ್ ಪಟ್ಟಿಯನ್ನು ಗಣನೆಗೆ ತೆಗೆದುಕೊಳ್ಳತೊಡಗಿದವು. ಆ ವರ್ಷದ ಮಧ್ಯಭಾಗದಲ್ಲಿ ಹಾಟ್‌ಬಾಟ್‌ನ ಬೆನ್ನಿಗಿದ್ದ ಇಂಕ್ಟೋಮಿಯೂ ಇವನ್ನು ಹಿಂಬಾಲಿಸಿತು. ಎಕ್ಸೈಟ್ ಮಾತ್ರ ಇಂಥ ಸ್ವಯಂಘೋಷಣೆಯನ್ನು ನಂಬಲೊಲ್ಲದೆ ದೂರ ನಿಂತಿತು. ಆ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ನಡೆದ ವಿಚಾರಗೋಷ್ಠಿಯೊಂದರಲ್ಲಿ, ಪುಟವನ್ನು ಸೂಚಿಗೆ ಸೇರಿಸಬೇಕೇ ಬೇಡವೇ ಎಂದು ಯಂತ್ರಕ್ಕೆ ತಿಳಿಸುವ ‘ರೋಬಾಟ್ಸ್’ ಟ್ಯಾಗ್ ರೂಪುಗೊಂಡಿತು. ಆ ಪೀಳಿಗೆಯ ಟ್ಯಾಗ್‌ಗಳ ಪೈಕಿ ಇಂದಿಗೂ ಪೂರ್ಣ ಗೌರವ ಉಳಿಸಿಕೊಂಡಿರುವುದು ಅದೇ.

ಭಾರತದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆಯು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಹಾಸನಕ್ಕೆ ದೂರಸಂಪರ್ಕದ ವಿದ್ಯೆ ಹೊಸದೇನೂ ಆಗಿರಲಿಲ್ಲ. ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದಲೂ ಆ ಊರಿನಲ್ಲಿತ್ತು, ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಷ್ಟು ಹಿಂದೆಯೇ ಸ್ಥಾಪಿತವಾಗಿತ್ತು. 1996ರ ಜೂನ್ 1ರಂದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾದಾಗ, ಹೊಳೆನರಸೀಪುರದ ಹೆಸರು ದೇಶವಿದೇಶಗಳ ಪತ್ರಿಕೆಗಳ ಕಚೇರಿಯನ್ನು ಹೊಕ್ಕಿತು. ಆದರೆ ರೋಮನ್ ಲಿಪಿಯಲ್ಲಿ ಆ ಹೆಸರಿಗೆ ಒಂದು ಸ್ಥಿರರೂಪವೆಂಬುದು ಇರಲಿಲ್ಲ. ಹಳೆಯ ಗ್ಯಾಸೆಟಿಯರ್‌ಗಳಲ್ಲಿಯೂ ರೈಲ್ವೆಯಲ್ಲಿಯೂ ಅದು ‘ಹೊಳೆ’ಯನ್ನು ಬಿಡಿಸಿ ಬರೆದ ‘ನರ್ಸಿಪುರ್’. ಮತ್ತೊಬ್ಬರು ಎರಡನ್ನೂ ಕೂಡಿಸಿ ಬರೆದರೆ, ಇನ್ನೊಬ್ಬರು ನಡುವೆ ಒಂದು ಅಕಾರವನ್ನು ತುಂಬುವರು, ಮಗುದೊಬ್ಬರು ಕೊನೆಯಲ್ಲಿ ಒಂದನ್ನು ಸೇರಿಸುವರು. ಅರಕಲಗೂಡು ಬ್ರಿಟಿಷ್ ದಾಖಲೆಗಳಲ್ಲಿ ‘ಅರ್ಕಲ್‌ಗುಡ್’ ಆಗಿ ಸವೆದಿತ್ತು; ಚನ್ನರಾಯಪಟ್ಟಣದ ಮೊದಲಕ್ಷರಕ್ಕೆ ‘ಎ’ ಹಾಕಬೇಕೋ ‘ಇ’ ಹಾಕಬೇಕೋ, ಪಟ್ಟಣಕ್ಕೆ ಒಂದು ‘ಟಿ’ ಸಾಕೋ ಎರಡು ಬೇಕೋ ಎಂಬುದು ಬರೆಯುವವನ ಇಚ್ಛೆ; ಅದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕಂತೂ ರೂಪಗಳು ಅಸಂಖ್ಯ. ಆ ಕಾಲದ ಶೋಧಯಂತ್ರಕ್ಕೆ ಇವೆಲ್ಲ ಒಂದೇ ಊರು ಎಂಬ ತಿಳಿವಳಿಕೆ ಇರಲಿಲ್ಲ. ಅಕ್ಷರ ತಪ್ಪಿದರೆ ಊರೇ ತಪ್ಪಿದಂತೆ. ಆದಕಾರಣ ಒಂದು ಊರಿನ ಎಲ್ಲ ರೂಪಗಳನ್ನೂ ಕೀವರ್ಡ್ ಪಟ್ಟಿಯಲ್ಲಿ ಸಾಲಾಗಿ ಕೊಟ್ಟಿಡುವುದು ನ್ಯಾಯವಾದ, ಪ್ರಾಮಾಣಿಕವಾದ ಉಪಯೋಗವೇ ಆಗಿತ್ತು. ಅಂದಿನ ಪರಿಣತರು ಈ ಟ್ಯಾಗಿಗೆ ಹೇಳುತ್ತಿದ್ದ ಮುಖ್ಯ ಪ್ರಯೋಜನಗಳಲ್ಲಿ ಇದೂ ಒಂದು.

ಪ್ರಾಮಾಣಿಕತೆ ಬಹುಕಾಲ ಬಾಳಲಿಲ್ಲ. ಪಟ್ಟಿಯಲ್ಲಿ ಪದವೊಂದನ್ನು ಸೇರಿಸಿದರೆ ಹುಡುಕುವವರು ಹೆಚ್ಚುತ್ತಾರೆಂಬ ಗುಟ್ಟು ಹೊರಬಿದ್ದೊಡನೆ, ಒಂದೇ ಪದವನ್ನು ನೂರಾರು ಸಲ ಬರೆಯುವವರೂ, ಪುಟಕ್ಕೆ ಯಾವ ಸಂಬಂಧವೂ ಇಲ್ಲದ ಸಿನಿಮಾ ತಾರೆಯರ ಹೆಸರು ಹಾಕುವವರೂ, ಪ್ರತಿಸ್ಪರ್ಧಿಯ ವ್ಯಾಪಾರಮುದ್ರೆಯನ್ನೇ ತಮ್ಮ ಪುಟದ ಶಿರೋಭಾಗದಲ್ಲಿ ಹುದುಗಿಸುವವರೂ ಹುಟ್ಟಿಕೊಂಡರು. ಶೋಧಯಂತ್ರಗಳು ಪುನರಾವೃತ್ತಿಗೆ ಮಿತಿ ಹಾಕಿದವು; ಬರೆಯುವವರು ಆ ಮಿತಿಗೆ ಒಂದು ಕಡಿಮೆ ಬರೆದರು. ಪೈಪೋಟಿ ನ್ಯಾಯಾಲಯಕ್ಕೂ ಹೋಯಿತು. ಹಿಂದೆ ತನ್ನ ರೂಪದರ್ಶಿಯಾಗಿದ್ದ ಟೆರಿ ವೆಲ್ಸ್ ಸಂಸ್ಥೆಯ ಹೆಸರನ್ನು ಮೆಟಾ ಟ್ಯಾಗಿನಲ್ಲಿ ಬಳಸಿದರೆಂದು ಪ್ಲೇಬಾಯ್ ಸಂಸ್ಥೆ ಹೂಡಿದ ದಾವೆಯಲ್ಲಿ, ತಾನು ಯಾರಾಗಿದ್ದೆನೆಂಬ ಸತ್ಯಸಂಗತಿಯನ್ನು ಹೇಳಿಕೊಳ್ಳುವ ಹಕ್ಕು ಆಕೆಗಿದೆಯೆಂದು 2002ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅಭಿಪ್ರಾಯಪಟ್ಟಿತು. ನಮ್ಮಲ್ಲಿ ಶಾದಿ ಡಾಟ್ ಕಾಮ್ ಎಂಬ ವಿವಾಹತಾಣವು ತನ್ನ ಹೆಸರನ್ನು ಹೋಲುವ ಮತ್ತೊಂದು ತಾಣದ ಮೆಟಾ ಟ್ಯಾಗ್‌ಗಳ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ 2014ರಲ್ಲಿ ಪರಿಹಾರ ಪಡೆಯಿತು. ಅಷ್ಟು ಹೊತ್ತಿಗೆ ಗೂಗಲ್ ಕೀವರ್ಡ್ ಟ್ಯಾಗನ್ನು ತಾನು ಓದುವುದಿಲ್ಲವೆಂದು ಸಾರಿ ಐದು ವರ್ಷಗಳೇ ಆಗಿದ್ದುವು.

ವಂಚನೆಯ ಜೊತೆಜೊತೆಗೇ ಮೂಢನಂಬಿಕೆಯೂ ಬೆಳೆಯಿತು. ‘ಏಳು ದಿನಗಳಾದ ಮೇಲೆ ಮತ್ತೆ ಬಾ’ ಎಂದು ಶೋಧಯಂತ್ರಕ್ಕೆ ಆದೇಶಿಸುವ ‘ರಿವಿಸಿಟ್ ಆಫ್ಟರ್’ ಎಂಬ ಟ್ಯಾಗ್ ಇದಕ್ಕೆ ಉತ್ತಮ ನಿದರ್ಶನ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೆ ಮಾತ್ರ ಮೀಸಲಾಗಿದ್ದ, ವ್ಯಾಂಕೂವರ್ ನಗರದ ಒಂದು ಪುಟ್ಟ ಶೋಧಯಂತ್ರ ತನ್ನ ಸ್ವಂತ ಅನುಕೂಲಕ್ಕಾಗಿ ರೂಪಿಸಿಕೊಂಡಿದ್ದ ಟ್ಯಾಗ್ ಅದು. ದೊಡ್ಡ ಯಂತ್ರಗಳಾವುವೂ ಅದಕ್ಕೆ ಕಿವಿಗೊಡಲಿಲ್ಲ. ಆದರೂ ಒಬ್ಬರ ಪುಟವನ್ನು ನೋಡಿ ಇನ್ನೊಬ್ಬರು ನಕಲು ಮಾಡುತ್ತ, ಆ ಸಾಲು ಭೂಮಂಡಲವನ್ನೆಲ್ಲ ವ್ಯಾಪಿಸಿತು. ‘ವರ್ಗ: ಸಾಮಾನ್ಯ’, ‘ವಿತರಣೆ: ಜಾಗತಿಕ’ ಎಂಬ ಸಾಲುಗಳದೂ ಅದೇ ಗತಿ, ರಾಮನಾಥಪುರದ ಕಡೆಯಿಂದ ಬರುವ ರೈತರಿಗೆ ಆಲೂಗಡ್ಡೆಯ ಬೀಜ ಮಾರುವ ಅರಕಲಗೂಡಿನ ಅಂಗಡಿಯೊಂದು ಸೈಟ್ ಮಾಡಿಸಿದ್ದರೆ, ಸಿದ್ಧ ನಮೂನೆಯ ಕೃಪೆಯಿಂದ ಅದರ ವಿತರಣೆಯೂ ಜಾಗತಿಕವೆಂದೇ ದಾಖಲಾಗುತ್ತಿತ್ತು.

ಇನ್ನು ಕನ್ನಡದ ಪುಟಗಳ ಸ್ಥಿತಿ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವನ್ನು ಮೀಸಲಿಟ್ಟಿತ್ತಾದರೂ, ಜನರ ಮೇಜಿನ ಮೇಲಿದ್ದ ಕಂಪ್ಯೂಟರ್‌ಗಳಿಗೆ ಅದನ್ನು ತೋರಿಸುವ ಶಕ್ತಿ ಬಂದಿರಲಿಲ್ಲ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದಾಗಲೂ, ಶೇಷಾದ್ರಿವಾಸು ಅವರ ‘ಬರಹ’ 1998ರ ಜನವರಿಯಲ್ಲಿ ಹೊರಬಂದಾಗಲೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಕಚೇರಿಗಳನ್ನು ಪ್ರವೇಶಿಸಿದಾಗಲೂ, ಕನ್ನಡವೆಂಬುದು ಫಾಂಟಿನ ವೇಷದಲ್ಲಿ ನಿಂತ ರೋಮನ್ ಚಿಹ್ನೆಗಳ ಸಮೂಹವಾಗಿತ್ತು. ಪತ್ರಿಕೆಯ ತಾಣಕ್ಕೆ ಹೋದರೆ ಮೊದಲು ಫಾಂಟ್ ಡೌನ್‌ಲೋಡ್ ಮಾಡಿಕೊಳ್ಳಬೇಕೆಂಬ ಸೂಚನೆ ಕಾದಿರುತ್ತಿತ್ತು. ಒಬ್ಬರ ಫಾಂಟಿನ ಸಂಕೇತ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ.

‘ನುಡಿ’ಯ ಸಂಕೇತದಲ್ಲಿ ‘ಹಾಸನ’ ಎಂಬ ಮೂರಕ್ಷರದ ಪದವನ್ನೇ ತೆಗೆದುಕೊಳ್ಳೋಣ. ಫಾಂಟಿನ ಮುಸುಕನ್ನು ಸರಿಸಿ ನೋಡಿದರೆ ಅಲ್ಲಿ ಆರು ಚಿಹ್ನೆಗಳು ಕಾಣುತ್ತವೆ. ಮೊದಲನೆಯದು ಸಾಲಿನಿಂದ ಮೇಲಕ್ಕೆ ಎತ್ತಿ ಬರೆದ ಒಂದು ಕಿರುವೃತ್ತ, ಅದೇ ‘ಹ’, ಅದರ ದೀರ್ಘಕ್ಕೆ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’, ‘ಸ’ಕಾರಕ್ಕೆ, ಫ್ರೆಂಚರು ತಮ್ಮ ‘ಸಿ’ ಅಕ್ಷರದ ಕೆಳಗೆ ತಗುಲಿಸುವ ಕೊಕ್ಕೆ, ಅದರ ತಲೆಕಟ್ಟಿಗೆ, ವಿರುದ್ಧ ದಿಕ್ಕಿಗೆ ಬಾಗಿದ ಗೆರೆಯ ಇನ್ನೊಂದು ‘ಎ’, ‘ನ’ಕಾರಕ್ಕೆ, ಬ್ರಿಟಿಷರ ಪೌಂಡ್ ನಾಣ್ಯದ ಚಿಹ್ನೆ, ಕೊನೆಗೆ ಮತ್ತೆ ತಲೆಕಟ್ಟಿನ ‘ಎ’. ಓದುಗನ ಕಣ್ಣಿಗೆ ಫಾಂಟು ಇದನ್ನೆಲ್ಲ ಕೂಡಿಸಿ ಅಂದವಾದ ‘ಹಾಸನ’ವನ್ನು ತೋರಿಸುತ್ತಿತ್ತು, ಕಣ್ಣಿಲ್ಲದ ಶೋಧಯಂತ್ರವೋ ಕೊಕ್ಕೆಯನ್ನೂ ಪೌಂಡನ್ನೂ ಮಾತ್ರ ಎಣಿಸಿಕೊಂಡು ಹಿಂದಿರುಗುತ್ತಿತ್ತು. ಪುಟದ ತುಂಬ ಹೇಮಾವತಿಯ ಗೊರೂರು ಅಣೆಕಟ್ಟಿನ ವಿಚಾರವೇ ಇರಲಿ, ಶ್ರವಣಬೆಳಗೊಳದ ಮಸ್ತಕಾಭಿಷೇಕದ ವರದಿಯೇ ಇರಲಿ, ಯಂತ್ರದ ಪಾಲಿಗೆ ಅದು ಅರ್ಥಶೂನ್ಯವಾದ ಚಿಹ್ನೆಗಳ ರಾಶಿ.

ಇಂಥ ಪುಟಕ್ಕೆ ಹೊರಜಗತ್ತಿನೊಡನೆ ಮಾತನಾಡಲು ಇದ್ದ ಬಾಯಿ ಅದರ ಶಿರೋಭಾಗ ಮಾತ್ರ. ಶೀರ್ಷಿಕೆ, ಸಾರಾಂಶ ಮತ್ತು ಕೀವರ್ಡ್ ಪಟ್ಟಿಗಳಲ್ಲಿ ರೋಮನ್ ಲಿಪಿಯಲ್ಲಿ ಕನ್ನಡ, ಕರ್ನಾಟಕ, ಹಾಸನ, ಬೇಲೂರು ಎಂದು ಬರೆದಿಟ್ಟರೆ ಮಾತ್ರ, ಅಮೆರಿಕದಲ್ಲಿಯೋ ಕೊಲ್ಲಿಯ ನಾಡಿನಲ್ಲಿಯೋ ಕುಳಿತು ತನ್ನೂರಿನ ಸುದ್ದಿ ಹುಡುಕುತ್ತಿದ್ದ ಕನ್ನಡಿಗನು ಆ ಪುಟವನ್ನು ತಲಪುವ ಸಂಭವವಿತ್ತು. ಆಂಗ್ಲ ಪುಟಗಳಲ್ಲಿ ಒಡಲೇ ಎಲ್ಲವನ್ನೂ ಹೇಳುತ್ತಿದ್ದುದರಿಂದ ಪಟ್ಟಿಯು ಅತಿಶಯೋಕ್ತಿಗೂ ಸುಳ್ಳಿಗೂ ಆಶ್ರಯವಾಯಿತು. ಒಡಲು ಮೂಕವಾಗಿದ್ದ ಕನ್ನಡ ಪುಟಗಳಲ್ಲಿ ಅದೇ ಪಟ್ಟಿ ದುಭಾಷಿಯ ಕೆಲಸ ಮಾಡಬಲ್ಲುದಾಗಿತ್ತು. ಒಂದೇ ಉಪಕರಣವು ಒಂದು ಭಾಷೆಯಲ್ಲಿ ವ್ಯಸನವೂ ಮತ್ತೊಂದರಲ್ಲಿ ಆವಶ್ಯಕತೆಯೂ ಆಗಿದ್ದುದನ್ನು, ಈ ಟ್ಯಾಗಿನ ಮರಣವಾರ್ತೆ ಬರೆದ ಪಾಶ್ಚಾತ್ಯ ಲೇಖಕರು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಸಂಗವೇ ಬರಲಿಲ್ಲ.

ಆ ಮರಣಕ್ಕೆ ಕಾರಣವಾದ ವಿಚಾರವು ಸ್ಪಷ್ಟರೂಪದಲ್ಲಿ ಪ್ರಕಟವಾದದ್ದು 1998ರ ಏಪ್ರಿಲಿನಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಎಂಬ ಇಬ್ಬರು ವಿದ್ಯಾರ್ಥಿಗಳು, 2.4 ಕೋಟಿ ಪುಟಗಳನ್ನು ಆಧರಿಸಿದ ತಮ್ಮ ‘ಗೂಗಲ್’ ಯಂತ್ರವನ್ನು ಕುರಿತ ಪ್ರಬಂಧವನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಸಮ್ಮೇಳನಕ್ಕೆ ಒಪ್ಪಿಸಿದರು. 1997ರ ನವೆಂಬರಿನಲ್ಲಿ ಅಗ್ರಗಣ್ಯವಾದ ನಾಲ್ಕು ವಾಣಿಜ್ಯ ಶೋಧಯಂತ್ರಗಳ ಪೈಕಿ ತನ್ನ ಹೆಸರನ್ನು ಕೊಟ್ಟು ಹುಡುಕಿದರೆ ತನ್ನನ್ನೇ ಮೊದಲ ಹತ್ತು ಫಲಿತಾಂಶಗಳಲ್ಲಿ ತೋರಿಸಬಲ್ಲುದಾಗಿದ್ದುದು ಒಂದೇ ಒಂದೆಂದು ಅದರಲ್ಲಿ ಅವರು ಬರೆದಿದ್ದಾರೆ. ಓದುಗನಿಗೆ ನೇರವಾಗಿ ಕಾಣದ ಬರೆಹವೆಲ್ಲವೂ ಯಂತ್ರವನ್ನು ಮೋಸಗೊಳಿಸಲು ದುರುಪಯೋಗವಾಗುತ್ತದೆ, ಆದ್ದರಿಂದಲೇ ಮೆಟಾ ವಿವರಗಳನ್ನು ಅವಲಂಬಿಸಿದ ಪ್ರಯತ್ನಗಳು ಬಹುಮಟ್ಟಿಗೆ ವಿಫಲವಾದವು ಎಂಬುದು ಅವರ ನಿರ್ಣಯ. ಪುಟವೊಂದರ ಯೋಗ್ಯತೆಯನ್ನು ಅದರ ಕಡೆಗೆ ಕೊಂಡಿ ಚಾಚಿದ ಇತರ ಪುಟಗಳ ಸಾಕ್ಷ್ಯದಿಂದ ಅಳೆಯುವುದು ಅವರು ಹಿಡಿದ ಮಾರ್ಗ. ಸಾಕ್ಷಿ ಹೇಳುವ ಪುಟಕ್ಕೆ ಎಷ್ಟು ಗೌರವವೋ ಅದರ ಸಾಕ್ಷ್ಯಕ್ಕೂ ಅಷ್ಟೇ ತೂಕ.

ಅಲ್ಲಿಂದ ಮುಂದೆ ಕೀವರ್ಡ್ ಟ್ಯಾಗಿನ ಅವಸಾನ ನಿಧಾನವಾಗಿ, ಆದರೆ ನಿಶ್ಚಿತವಾಗಿ ಸಾಗಿತು. 2002ರ ಜುಲೈನಲ್ಲಿ ಆಲ್ಟಾವಿಸ್ಟಾ ಅದನ್ನು ಕೈಬಿಟ್ಟಿತು. ಪ್ರಮುಖ ಯಂತ್ರಗಳಲ್ಲಿ ಇಂಕ್ಟೋಮಿ ಒಂದೇ ಉಳಿದಾಗ, ಆ ವರ್ಷದ ಅಕ್ಟೋಬರಿನಲ್ಲಿ ಡ್ಯಾನಿ ಸಲ್ಲಿವನ್ ಎಂಬ ಈ ಕ್ಷೇತ್ರದ ಹಿರಿಯ ಪತ್ರಕರ್ತರು ಟ್ಯಾಗಿನ ಮರಣವನ್ನೇ ಘೋಷಿಸಿ ಲೇಖನ ಬರೆದರು. ಆದರೂ ಸೈಟ್ ಮಾಡಿಕೊಡುವವರು ‘ಕೀವರ್ಡ್ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ’ ಎಂದು ಗಿರಾಕಿಗಳಿಗೆ ಹೇಳುವುದು ನಿಲ್ಲಲಿಲ್ಲವಾಗಿ, 2009ರ ಸೆಪ್ಟೆಂಬರ್ 21ರಂದು ಗೂಗಲ್ ಸಂಸ್ಥೆಯ ಮ್ಯಾಟ್ ಕಟ್ಸ್ ಅವರು, ಪುಟಗಳ ಶ್ರೇಣಿಯನ್ನು ನಿರ್ಣಯಿಸುವಲ್ಲಿ ತಾವು ಆ ಟ್ಯಾಗನ್ನು ಬಳಸುವುದೇ ಇಲ್ಲವೆಂದು ಬಹಿರಂಗವಾಗಿ ಸಾರಬೇಕಾಯಿತು. ಸಾರಾಂಶದ ಟ್ಯಾಗ್ ಮಾತ್ರ ಫಲಿತಾಂಶದ ಕೆಳಗೆ ಎರಡು ಸಾಲು ತೋರಿಸಲು ಒಮ್ಮೊಮ್ಮೆ ಉಪಯೋಗಕ್ಕೆ ಬರುವುದೆಂದೂ, ಶ್ರೇಣಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ಆ ಪ್ರಕಟಣೆಯಲ್ಲಿಯೇ ತಿಳಿಸಲಾಗಿತ್ತು. 2012ರಲ್ಲಿ ಸುದ್ದಿಪತ್ರಿಕೆಗಳಿಗೆಂದೇ ಒಂದು ಹೊಸ ಕೀವರ್ಡ್ ಟ್ಯಾಗನ್ನು ಗೂಗಲ್ ತಂದಿತಾದರೂ ಅದೂ ನೆಲೆನಿಲ್ಲಲಿಲ್ಲ. ಟ್ಯಾಗಿಗೆ ಮೊದಲು ಮನ್ನಣೆ ಕೊಟ್ಟವುಗಳಲ್ಲಿ ಒಂದಾದ ಆಲ್ಟಾವಿಸ್ಟಾವೇ 2013ರ ಜುಲೈನಲ್ಲಿ ಬಾಗಿಲು ಮುಚ್ಚಿತು.

ಟ್ಯಾಗು ಸಾಯುತ್ತಿದ್ದ ಈ ವರ್ಷಗಳಲ್ಲಿಯೇ ಕನ್ನಡದ ಒಡಲಿಗೆ ಮಾತು ಬಂದಿತೆಂಬುದು ಇತಿಹಾಸದ ಒಂದು ಸುಯೋಗ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟು ಜನರ ಕಂಪ್ಯೂಟರಿಗೆ ಬಂದಿತು. 2003ರ ಜೂನಿನಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ದಿನಪತ್ರಿಕೆಗಳೂ ಸರ್ಕಾರದ ತಾಣಗಳೂ ಒಂದೊಂದಾಗಿ ಹಳೆಯ ಫಾಂಟುಗಳನ್ನು ತೊರೆದುವು. ಅದೇ ದಶಕದ ಆದಿಯಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು ಎರಡು ಕೋಟಿ ಪಹಣಿ ದಾಖಲೆಗಳನ್ನು ಗಣಕಕ್ಕೆ ಸೇರಿಸಿ, ಕೈಬರೆಹದ ಪಹಣಿಯ ಜಾಗದಲ್ಲಿ ಅಚ್ಚಿನ ಪಹಣಿಯನ್ನು ತಾಲ್ಲೂಕು ಕಚೇರಿಯ ಕಿಟಕಿಯಿಂದ ರೈತನ ಕೈಗೆ ಕೊಡತೊಡಗಿದ್ದರಿಂದ, ಕಂಪ್ಯೂಟರಿನಲ್ಲಿ ಕನ್ನಡವೆಂಬುದು ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಸಾಮಾನ್ಯ ಜನಕ್ಕೂ ಕೌತುಕವಾಗಿ ಉಳಿಯಲಿಲ್ಲ. ಆರು ಅಪರಿಚಿತ ಚಿಹ್ನೆಗಳಾಗಿದ್ದ ‘ಹಾಸನ’ವು ಯೂನಿಕೋಡಿನಲ್ಲಿ ಹ, ದೀರ್ಘ, ಸ, ನ ಎಂಬ ನಾಲ್ಕು ಸಂಕೇತಗಳಾಗಿ, ಜಗತ್ತಿನ ಯಾವ ಯಂತ್ರಕ್ಕೂ ಹಾಸನವಾಗಿಯೇ ತಿಳಿಯುವಂತಾಯಿತು. ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕುವವನಿಗೆ ರೋಮನ್ ಕಾಗುಣಿತದ ತೊಡಕೂ ತಪ್ಪಿತು.

ಇತರರ ಸಾಕ್ಷ್ಯವನ್ನು ಆಧಾರವಾಗಿ ಹಿಡಿದ ಹೊಸ ಪದ್ಧತಿಯೂ ನಿಷ್ಕಳಂಕವಾಗಿ ಉಳಿಯಲಿಲ್ಲವೆಂಬುದನ್ನು ಹೇಳದಿದ್ದರೆ ಈ ಇತಿಹಾಸ ಏಕಪಕ್ಷೀಯವಾದೀತು. ಸಾಕ್ಷ್ಯಕ್ಕೆ ಬೆಲೆ ಬಂದೊಡನೆ ಬಾಡಿಗೆ ಸಾಕ್ಷಿಗಳೂ ಬಂದರು. ಹಣ ಕೊಟ್ಟು ಕೊಂಡಿಗಳನ್ನು ಕೊಳ್ಳುವ ದೊಡ್ಡ ಸಂತೆಯೇ ನೆರೆಯಿತು. ಅದನ್ನು ಅಡಗಿಸಲು ಗೂಗಲ್ 2012ರ ಏಪ್ರಿಲಿನಲ್ಲಿ ‘ಪೆಂಗ್ವಿನ್’ ಎಂಬ ಹೊಸ ಕ್ರಮವನ್ನು ಜಾರಿಗೆ ತಂದಿತು. ಅತ್ತ 2011ರ ಜೂನಿನಲ್ಲಿ ಗೂಗಲ್, ಬಿಂಗ್ ಮತ್ತು ಯಾಹೂ ಒಟ್ಟಾಗಿ ‘ಸ್ಕೀಮಾ’ ಎಂಬ ಪದಕೋಶವನ್ನು ಹೊರತಂದು, ಅಂಗಡಿಯ ವೇಳೆ, ವಸ್ತುವಿನ ಬೆಲೆ, ಲೇಖನದ ಕರ್ತೃ ಮುಂತಾದುವನ್ನು ಪುಟವೇ ಹೇಳಿಕೊಳ್ಳುವ ಪದ್ಧತಿಯನ್ನು ಮತ್ತೆ ಬರಮಾಡಿಕೊಂಡವು. ಹಾಗೆ ಹೇಳಿಕೊಂಡದ್ದು ಓದುಗನಿಗೆ ಕಾಣುವ ಒಡಲಿನಲ್ಲಿಯೂ ಇರತಕ್ಕದ್ದೆಂಬ ನಿಬಂಧನೆ ಈ ಸಲ ಜೊತೆಗೆ ಬಂದಿತು. ಹಿಂದಿನ ಅನುಭವ ಕಲಿಸಿದ ಪಾಠವದು.

ಇಷ್ಟಾದರೂ ಕನ್ನಡದ ಪಾಲಿನ ಕೆಲಸ ಮುಗಿದಿಲ್ಲ. ಡಿಟಿಪಿ ಅಂಗಡಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಹಳೆಯ ಫಾಂಟುಗಳು ಇನ್ನೂ ಬಳಕೆಯಲ್ಲಿವೆ. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ದೇವಸ್ಥಾನದ ಚರಿತ್ರೆ, ಸಹಕಾರ ಸಂಘದ ವಾರ್ಷಿಕ ವರದಿ ಮೊದಲಾದವು ಆ ಫಾಂಟುಗಳಲ್ಲಿಯೇ ಸಿದ್ಧವಾಗಿ, ಪಿಡಿಎಫ್ ರೂಪದಲ್ಲಿ ಜಾಲಕ್ಕೆ ಏರಿದಾಗ, ಕಣ್ಣಿಗೆ ಕನ್ನಡವಾಗಿಯೂ ಯಂತ್ರಕ್ಕೆ ಕೊಕ್ಕೆ, ಪೌಂಡುಗಳಾಗಿಯೂ ಉಳಿಯುತ್ತವೆ. 1996ರಿಂದ ಒಂದು ದಶಕದ ಕಾಲ ಕನ್ನಡಿಗರು ಜಾಲದಲ್ಲಿ ಬರೆದುದರಲ್ಲಿಯೂ ಬಹುಭಾಗದ ಅವಸ್ಥೆ ಅದೇ. ಅಂದು ಇಂಥ ಪುಟಗಳ ಪರವಾಗಿ ನುಡಿಯಲು ಒಂದು ಕೀವರ್ಡ್ ಪಟ್ಟಿಯಾದರೂ ಇತ್ತು. ಇಂದು ಅದಕ್ಕೆ ಕಿವಿಗೊಡುವವರಿಲ್ಲ. ಪರಕೀಯರ ವಂಚನೆಗೆ ವಿಧಿಸಿದ ಶಿಕ್ಷೆಯಲ್ಲಿ, ಏನನ್ನೂ ವಂಚಿಸದ ಈ ಪುಟಗಳೂ ಪಾಲುಗೊಂಡವು. ಹಳೆಯ ಫಾಂಟಿನ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತಿವೆ. ಪರಿವರ್ತನೆಯಲ್ಲಿ ನುಸುಳುವ ಒತ್ತಕ್ಷರ, ಅರ್ಕಾವತ್ತುಗಳ ದೋಷಗಳನ್ನು ತಿದ್ದಲು ಕನ್ನಡ ಬಲ್ಲ ಒಬ್ಬ ಕರಡು ತಿದ್ದುವವನ ತಾಳ್ಮೆ ಬೇಕು, ಅಷ್ಟೆ. ತಾಲ್ಲೂಕಿನ ಚರಿತ್ರೆಯನ್ನು ಶ್ರಮಪಟ್ಟು ಬರೆಸಿ ಅಚ್ಚುಹಾಕಿಸಿದ ಸಂಘಸಂಸ್ಥೆಗಳು, ತಮ್ಮ ಡಿಟಿಪಿಯವರಲ್ಲಿ ಮೂಲ ಕಡತ ಉಳಿದಿರುವಾಗಲೇ ಈ ಕೆಲಸವನ್ನೂ ಮಾಡಿಸಿಬಿಡುವುದು ಒಳ್ಳೆಯದು. ಕಂಪ್ಯೂಟರ್ ಕೆಟ್ಟು ಕಡತ ಹೋದಮೇಲೆ ಅಚ್ಚಾದ ಪ್ರತಿಯನ್ನು ಮುಂದಿಟ್ಟುಕೊಂಡು ಮೊದಲಿನಿಂದ ಟೈಪು ಮಾಡಬೇಕಾದೀತು.